ಲಿಫ್ಟಕ್ಕನ ಕೈತೂಕ

ಹನ್ನೊಂದು ಮಹಡಿಯ ಆ ಹಳೆಯ ಕಟ್ಟಡದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಹಲ್ಲು ಉದುರಿದ ಮುದುಕರಿಂದ ಹಿಡಿದು ಹಲ್ಲು ಮೂಡದ ಕೂಸುಗಳವರೆಗೆ ಎಲ್ಲರಿಗೂ ಅವಳು ಲಿಫ್ಟಕ್ಕ. ಗಂಡ ತೀರಿಕೊಂಡ ಮೇಲೆ ಅವನ ಸ್ಟೂಲಿನ ಮೇಲೆ ಇವಳು ಬಂದು ಕೂತಳು. ಕೂತು ಇಪ್ಪತ್ತೆರಡು ವರ್ಷವಾಗಿತ್ತು. "ಹೆಂಗಸಿನ ಕೈಗೆ ಲಿಫ್ಟ್ ಕೊಟ್ರೆ ನಮ್ಮ ಗತಿ ಏನ್ರೀ?" ಎಂದು ಮೊದಲ ದಿನ ಮೂಗು ಮುರಿದಿದ್ದ ಹತ್ತನೆಯ ಮಹಡಿಯ ವಕೀಲರು, ಈಗ ಅವಳು ರಜೆ ಹಾಕಿದ ದಿನ ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದರೇ ಹೊರತು ಬೇರೆಯವರ ಕೈಯಲ್ಲಿ ಲಿಫ್ಟ್ ಹತ್ತುತ್ತಿರಲಿಲ್ಲ.

ಅದು ಗುಂಡಿ ಒತ್ತಿದರೆ ಓಡುವ ಜಾತಿಯ ಲಿಫ್ಟಲ್ಲ. ಒಳಗೆ ಒಂದು ಹಿತ್ತಾಳೆಯ ಹಿಡಿ. ಎಡಕ್ಕೆ ತಿರುಗಿಸಿದರೆ ಏರುತ್ತದೆ, ಬಲಕ್ಕೆ ತಿರುಗಿಸಿದರೆ ಇಳಿಯುತ್ತದೆ, ನಡುವೆ ತಂದರೆ ನಿಲ್ಲುತ್ತದೆ. ನಿಲ್ಲುವುದೂ ಎಲ್ಲಿ? ಏರುವಾಗ ಹಗುರವಾಗಿದ್ದರೆ ಮಹಡಿಗಿಂತ ನಾಲ್ಕು ಬೆರಳು ಮೇಲೆ, ಭಾರವಿದ್ದರೆ ಎರಡು ಬೆರಳು ಕೆಳಗೆ. ಒಳಗಿನ ಭಾರ ನೋಡಿಕೊಂಡು ಹಿಡಿಯನ್ನು ಒಂದು ಚಿಟಿಕೆ ಮೊದಲೋ ಆಮೇಲೋ ತಿರುಗಿಸಿದರೆ ಮಾತ್ರ ನೆಲಕ್ಕೆ ನೆಲ ಕೂಡುತ್ತದೆ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವಳಿಗೆ, ಜನ ಒಳಗೆ ಕಾಲಿಟ್ಟಾಗ ಪೆಟ್ಟಿಗೆ ತಗ್ಗುವ ರೀತಿಯಲ್ಲೇ ತೂಕ ತಿಳಿಯುತ್ತಿತ್ತು. ಮಕ್ಕಳಿಗೆ ಅದೊಂದು ಆಟ.

"ಲಿಫ್ಟಕ್ಕಾ, ನಾನೆಷ್ಟು?"

"ಮೂವತ್ತೊಂದು. ಸ್ಕೂಲ್ ಬ್ಯಾಗ್ ಸೇರಿ ಮೂವತ್ತಾರು."

ಅವು ಎದುರಿನ ಔಷಧಿ ಅಂಗಡಿಗೆ ಓಡಿ ತೂಕದ ಯಂತ್ರದ ಮೇಲೆ ನಿಂತು, ಬಾಯಿ ಬಿಟ್ಟುಕೊಂಡು ವಾಪಸು ಬರುತ್ತಿದ್ದವು. ಮೂರನೆಯ ಮಹಡಿಯ ದಪ್ಪನೆಯ ಹೆಂಗಸು ಮಾತ್ರ, "ನಂದು ಗಟ್ಟಿಯಾಗಿ ಹೇಳ್ಬೇಡ ತಾಯೀ" ಎಂದು ಕೈ ಮುಗಿಯುತ್ತಿದ್ದಳು. ಲಿಫ್ಟಕ್ಕನಿಗೆ ಒಳಗೊಳಗೇ ಜಂಬ. ಇರಲಿ ಬಿಡಿ, ಬೇರೆ ಯಾವ ಭಾಗ್ಯ ಇತ್ತು ಅವಳಿಗೆ? ಮೀಟರ್ ಬೋರ್ಡುಗಳ ಹಿಂದೆ ಒಂದು ಕೋಣೆ, ಗಂಡ ಬಿಟ್ಟುಹೋದ ಒಬ್ಬಳು ತಂಗಿ, ಮತ್ತೆ ಈ ಬಲಗೈ.

ಒಂಬತ್ತನೆಯ ಮಹಡಿಗೆ ಮೇಷ್ಟ್ರು ಬಂದು ಎರಡು ವರ್ಷವಾಗಿತ್ತು. ಒಂದು ಕಾಲದಲ್ಲಿ ನಿಜವಾಗಿಯೂ ಗಣಿತ ಕಲಿಸುತ್ತಿದ್ದವನಂತೆ. ಎಲ್ಲರಿಗೂ ಬಹುವಚನ, ಇಸ್ತ್ರಿ ಮುರಿಯದ ಅಂಗಿ, ಮೆತ್ತಗಿನ ಮಾತು. ಬಾಗಿಲ ಮೇಲೆ 'ಸೋಪಿನ ಪುಡಿ ಪ್ಯಾಕಿಂಗ್' ಎಂಬ ಬೋರ್ಡು. ಒಳಗಿದ್ದ ಪುಡಿಯಿಂದ ಯಾರ ಬಟ್ಟೆಯೂ ಬೆಳ್ಳಗಾಗುವಂತಿರಲಿಲ್ಲ. ಸೇತುವೆ ಕೆಳಗಿನ ಗ್ಯಾಂಗಿನವರು ಈ ಬೀದಿ ತಮ್ಮದು ಎಂದು ಜಗಳಕ್ಕೆ ಬಂದಾಗ, ಮೇಷ್ಟ್ರ ಬಂಟ ಎಡಚ ಅವರಲ್ಲಿ ಒಬ್ಬನ ಹಿಮ್ಮಡಿಯ ನರ ಕತ್ತರಿಸಿ ಬಸ್ ಸ್ಟಾಪಿನಲ್ಲಿ ಕೂರಿಸಿ ಬಂದಿದ್ದ. ಅಂದಿನಿಂದ ಬೀದಿ ಮೇಷ್ಟ್ರದು. ಕಟ್ಟಡದವರಿಗೆಲ್ಲ ಎಲ್ಲ ಗೊತ್ತು, ಯಾರಿಗೂ ಏನೂ ಗೊತ್ತಿಲ್ಲ.

ತಂಗಿ ಆ ಬೋರ್ಡು ನಂಬಿಯೇ ಕೆಲಸಕ್ಕೆ ಸೇರಿದ್ದು. ವಾರದೊಳಗೆ ನಿಜ ತಿಳಿಯಿತು, ಬಿಡುತ್ತೇನೆ ಎಂದಳು. "ಬಿಡಿ ಅಮ್ಮ, ಖಂಡಿತ ಬಿಡಿ. ಆದರೆ ನೋಡಿದ್ದನ್ನ ಇಲ್ಲೇ ಬಿಟ್ಟು ಹೋಗಬೇಕಲ್ಲ, ಅದು ಹೇಗೆ?" ಎಂದು ಮೇಷ್ಟ್ರು ಮೆತ್ತಗೆ ಕೇಳಿದ. ಅವಳು ಮತ್ತೆ ಪುಡಿ ತೂಗುವ ತಕ್ಕಡಿಯ ಮುಂದೆ ಹೋಗಿ ಕೂತಳು.

ಲಿಫ್ಟಕ್ಕ ಎಲ್ಲರ ಹಾಗೆ ಸುಮ್ಮನಿದ್ದಳು. ಸುಮ್ಮನಿರಲು ಬಿಡದವನು ನಾಲ್ಕನೆಯ ಮಹಡಿಯ ಟ್ಯಾಕ್ಸಿ ಡ್ರೈವರ್. ಒಳ್ಳೆಯ ಆಳು, ಎಪ್ಪತ್ತನಾಲ್ಕು ಕಿಲೊ. ಮನೆ ನಾಲ್ಕರಲ್ಲಿದ್ದರೂ ಅವನು ದಿನಾ ಒಂಬತ್ತಕ್ಕೆ ಹೋಗತೊಡಗಿದ. ಅರವತ್ತೊಂಬತ್ತಾದ, ಅರವತ್ತಾದ, ಐವತ್ತೈದಾದ. ಮನೆಯವರಿಗೆ ಕಣ್ಣಿಗೆ ಕಾಣುವ ಮೊದಲೇ ಇವಳ ಅಂಗೈಗೆ ಗೊತ್ತಾಗುತ್ತಿತ್ತು. ಒಂದು ಬೆಳಿಗ್ಗೆ ಅವನು ಒಂಬತ್ತರಿಂದ ಇಳಿಯುವಾಗ ಲಿಫ್ಟಿನ ಮೂಲೆಯಲ್ಲಿ ಕುಸಿದು ಕೂತ. ನಾಲ್ಕನೆಯ ಮಹಡಿ ಬಂತು, ಅವನು ಏಳಲಿಲ್ಲ. ಐವತ್ತೊಂದು ಕಿಲೊ. ಪುಡಿಯನ್ನು ಮೇಲಕ್ಕೆ ಒಯ್ದವಳೂ ತಾನೇ, ಅವನನ್ನು ಮೇಲಕ್ಕೆ ಒಯ್ದವಳೂ ತಾನೇ. ಅಂದು ಲಿಫ್ಟಕ್ಕ ಕೋಣೆಯ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಮರುದಿನ ಔಷಧಿ ಅಂಗಡಿಯ ಫೋನಿನಿಂದ ಪೊಲೀಸರಿಗೆ ಕರೆ ಮಾಡಿದಳು.

ಆ ಕಡೆ ಒಬ್ಬ ಹೆಂಗಸು ಮಾತಾಡಿದಳು. ನಿಮ್ಮ ಹೆಸರು ಹೇಳುವುದು ಬೇಡ ಎಂದಳು. "ಎಷ್ಟಿರಬಹುದು ಮಾಲು, ಅಂದಾಜು?" ಎಂದು ಕೇಳಿದಳು.

ಅಂದಾಜು! ಲಿಫ್ಟಕ್ಕನನ್ನು ಅಂದಾಜು ಕೇಳುವುದೇ? ಆ ವಾರ ಆರು ಚೀಲ ಮೇಲೆ ಹೋಗಿದ್ದವು, ಒಂದೊಂದೂ ಇವಳ ಕೈ ದಾಟಿಯೇ.

"ನೂರ ಎಂಬತ್ತಾರು ಕಿಲೊ. ಬೇಕಾದ್ರೆ ತೂಕ ಹಾಕಿ ನೋಡ್ಕೊಳಿ."

ಅಲ್ಲಿ ಅವಳು ಎಡವಿದಳು. 'ಸುಮಾರು ಇದೆ' ಎಂದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು.

ಬುಧವಾರ ಸಂಜೆ ನಾಲ್ಕಕ್ಕೆ ಬರುತ್ತೇವೆ, ಆ ಹೊತ್ತಿಗೆ ಲಿಫ್ಟ್ ಕೆಳಗಿರಲಿ ಎಂದಿದ್ದರು. ಬುಧವಾರ ಬೆಳಿಗ್ಗೆ ಲಿಫ್ಟಕ್ಕ ತಂಗಿಯ ಕೈ ಹಿಡಿದು, "ಇವತ್ತು ಹೊಟ್ಟೆನೋವು ಅಂತ ಹೇಳಿ ಎರಡು ಗಂಟೆಗೆ ಇಳಿದು ಬಂದ್ಬಿಡೇ. ಯಾಕೆ ಅಂತ ಕೇಳ್ಬೇಡ" ಎಂದಳು. ಎರಡು ಗಂಟೆಯಾಯಿತು, ತಂಗಿ ಬರಲಿಲ್ಲ. ಎರಡೂವರೆಯಾಯಿತು. ಮೂರಾಯಿತು. ಲಿಫ್ಟಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೂರೂಕಾಲಿಗೆ ಒಂಬತ್ತನೆಯ ಮಹಡಿಯ ಗಂಟೆ ಬಡಿಯಿತು.

ಜಾಲರಿ ಬಾಗಿಲು ಸರಿಸಿದರೆ ಎದುರಿಗೆ ಮೇಷ್ಟ್ರು. ಪಕ್ಕದಲ್ಲಿ ಎರಡು ಚೀಲ ಹೊತ್ತ ಎಡಚ. ಇಬ್ಬರ ನಡುವೆ ತಂಗಿ. ಅವಳ ತುಟಿ ಒಡೆದಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು.

"ಕೆಳಗೆ ತಗೊಳ್ಳಿ ಲಿಫ್ಟಕ್ಕ. ನಿಮ್ಮ ತಂಗೀನ ಎರಡು ದಿನ ಊರಾಚೆ ಕೆಲಸಕ್ಕೆ ಕರ್ಕೊಂಡು ಹೋಗ್ತಿದ್ದೀವಿ."

ಆ ಊರಾಚೆಯ ಕೆಲಸಕ್ಕೆ ಹೋದ ಮೂವರನ್ನು ಲಿಫ್ಟಕ್ಕ ಇಳಿಸಿದ್ದಳು. ಮತ್ತೆ ಹತ್ತಿಸಿದ್ದಿಲ್ಲ. ಆದರೂ ಹಿಡಿ ತಿರುಗಿತು, ಲಿಫ್ಟ್ ಇಳಿಯತೊಡಗಿತು.

"ನಾನೇನೂ ಮಾಡಿಲ್ಲ ಅಕ್ಕಾ" ಎಂದು ತಂಗಿ ಅತ್ತಳು.

"ಲೆಕ್ಕ ಸುಳ್ಳು ಹೇಳೋದಿಲ್ಲ ಅಮ್ಮ" ಎಂದ ಮೇಷ್ಟ್ರು. "ಸ್ಟೇಷನ್‌ನಲ್ಲಿ ನಮ್ಮವನೊಬ್ಬ ಇದಾನೆ. ನಾಲ್ಕು ಗಂಟೆಗೆ ರೇಡು, ನೂರ ಎಂಬತ್ತಾರು ಕಿಲೊ ಅಂತ ಬರೆದಿರೋ ಚೀಟೀನ ಅವನು ಕಣ್ಣಾರೆ ನೋಡಿದಾನೆ. ಆ ಅಂಕಿ ಗೊತ್ತಿರೋದು ಇಬ್ಬರಿಗೆ. ಒಂದು ನಾನು. ಇನ್ನೊಂದು ತಕ್ಕಡಿ ಹಿಡಿದವರು. ಮೇಲಾಗಿ ಇವತ್ತೇ ನಿಮಗೆ ಹೊಟ್ಟೆನೋವು."

ಲಿಫ್ಟಕ್ಕ ತಂಗಿಯ ಮುಖ ನೋಡಿದಳು. ತನ್ನ ಜಂಬ, ತನ್ನ ಉಪಾಯ, ಎರಡೂ ಸೇರಿ ತಂಗಿಯ ಕುತ್ತಿಗೆಗೆ ಬಂದಿದ್ದವು. ಏಳನೆಯ ಮಹಡಿ ದಾಟಿತು. ಆರು ದಾಟಿತು. ಹಿಡಿಯನ್ನು ನಡುವೆ ತಂದಳು. ಪೆಟ್ಟಿಗೆ ಗಕ್ಕನೆ ನಿಂತಿತು, ಎದುರಿಗೆ ಬರೀ ಗೋಡೆ.

"ಯಾಕೆ ನಿಲ್ಸಿದೆ?" ಎಡಚ ಚೀಲ ಕೆಳಗಿಟ್ಟ.

"ಫೋನ್ ಮಾಡಿದ್ದು ನಾನು."

ಮೇಷ್ಟ್ರು ನಕ್ಕುಬಿಟ್ಟ. "ಒಡಹುಟ್ಟಿದವಳನ್ನ ಉಳಿಸ್ಕೊಳ್ಳೋಕೆ ನೋಡ್ತಿದೀರಿ. ಒಳ್ಳೆ ಗುಣ. ಆದ್ರೆ ನೂರ ಎಂಬತ್ತಾರು ಅಂತ ನಿಮಗೆ ಹೇಗೆ ಗೊತ್ತು?"

"ನಿಮ್ಮ ತಕ್ಕಡಿಗಿಂತ ಮೊದಲು ತೂಗಿದ್ದು ನನ್ನ ಕೈ, ಮೇಷ್ಟ್ರೇ." ಮಾತು ಒಂದರ ಹಿಂದೊಂದು ನುಗ್ಗಿ ಬಂತು. "ನೀವು ಅರವತ್ತೆಂಟು. ಹೋದ ವರ್ಷ ಎಪ್ಪತ್ತೆರಡಿದ್ರಿ, ಸಕ್ಕರೆ ಕಾಯಿಲೆ ಬಂದ ಮೇಲೆ ಇಳಿದ್ರಿ. ಇವನು ಎಂಬತ್ತೊಂದು, ಸೊಂಟಕ್ಕೆ ಕಬ್ಬಿಣ ಸಿಕ್ಕಿಸಿಕೊಂಡ ದಿನ ಒಂದು ಕಿಲೊ ಜಾಸ್ತಿ. ಇವತ್ತು ಸಿಕ್ಕಿಸಿಕೊಂಡಿದಾನೆ. ಚೀಲ ಒಂದೊಂದೂ ಮೂವತ್ತೊಂದು. ಆರು ಮೂವತ್ತೊಂದ್ಲಿ ಎಷ್ಟು? ನೀವೇ ಹೇಳಿ, ನೀವು ಲೆಕ್ಕದವರು."

ಎಡಚನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಮೇಷ್ಟ್ರ ಮುಖದಿಂದ ನಗು ಮಾಯವಾಯಿತು. ತನ್ನ ಸಕ್ಕರೆ ಕಾಯಿಲೆಯ ಬಗ್ಗೆ ಲಿಫ್ಟಿನಲ್ಲಿ ಡಾಕ್ಟರೊಂದಿಗೆ ಫೋನಿನಲ್ಲಿ ಮಾತಾಡಿದ್ದು ಬಿಟ್ಟರೆ ಅವನು ಯಾರಿಗೂ ಹೇಳಿರಲಿಲ್ಲ. ಎರಡು ವರ್ಷ ಈ ಹೆಂಗಸಿನ ಮುಂದೆ ಅವನು ಎಲ್ಲ ಗುಟ್ಟನ್ನೂ ಆಡಿದ್ದ. ಸ್ಟೂಲಿಗೂ ಅದರ ಮೇಲೆ ಕೂತವಳಿಗೂ ಅವನು ವ್ಯತ್ಯಾಸ ಮಾಡಿದ್ದೇ ಇಲ್ಲ.

"ಹಾಗಾದ್ರೆ ಇಬ್ಬರೂ ಬರ್ತೀರಿ" ಎಂದ. "ಲಿಫ್ಟ್ ಇಳಿಸಿ."

"ಇಳಿಸ್ತೀನಿ."

ಅವಳು ಇಳಿಸಿದಳು, ಆದರೆ ಮೆಲ್ಲಗೆ. ಐದನೆಯ ಮಹಡಿ ಕಾಣಿಸಿಕೊಂಡಿತು. ಜಾಲರಿ ತೆರೆದಿದ್ದರೆ ಲಿಫ್ಟ್ ಓಡಬಾರದು ಎಂಬುದು ಕಾನೂನು. ಹಾಗೆ ಓಡದಂತೆ ತಡೆಯುವ ಬೀಗ ಕೆಟ್ಟು ಮೂರು ವರ್ಷವಾಗಿದ್ದು ಗೊತ್ತಿದ್ದವಳು ಅವಳೊಬ್ಬಳೇ. ಮಹಡಿ ಮೊಣಕಾಲಷ್ಟು ಕೆಳಗಿರುವಾಗಲೇ ಎಡಗೈಯಲ್ಲಿ ಒಳಗಿನ ಜಾಲರಿಯನ್ನೂ ಹೊರಗಿನದನ್ನೂ ಒಟ್ಟಿಗೆ ಸೆಳೆದಳು.

"ಓಡೇ!"

ಸೊಂಟದಿಂದ ಒಂದೇ ನೂಕು. ತಂಗಿ ಐದನೆಯ ಮಹಡಿಯ ನೆಲದ ಮೇಲೆ ಅಂಗಾತ ಬಿದ್ದಳು. ಎಡಚ ಅವಳತ್ತ ಕೈ ಚಾಚುವಷ್ಟರಲ್ಲಿ ಲಿಫ್ಟಕ್ಕ ಹಿಡಿಯನ್ನು ಎಡಕ್ಕೆ ತಿರುವಿದಳು. ಐವತ್ತು ಕಿಲೊ ಒಮ್ಮೆಲೇ ಕಳಚಿದ ಪೆಟ್ಟಿಗೆ ಚಂಗನೆ ಮೇಲೆ ಹಾರಿತು. ಎಡಚ ಕೈ ಹಿಂದಕ್ಕೆ ಎಳೆದುಕೊಂಡು ಮೇಷ್ಟ್ರ ಮೇಲೆಯೇ ಬಿದ್ದ. ಐದಕ್ಕೂ ಆರಕ್ಕೂ ನಡುವೆ, ಗೋಡೆಯ ಎದುರು, ಅವಳು ಲಿಫ್ಟ್ ನಿಲ್ಲಿಸಿದಳು. ಹಿಡಿಯನ್ನು ಕಿತ್ತು ಗೋಡೆಯ ಸಂದಿಯಲ್ಲಿ ಕೆಳಕ್ಕೆ ಬಿಟ್ಟಳು. ಅದು ಠಣ್ ಠಣ್ ಎನ್ನುತ್ತ ಕೆಳಗೆ ಹೋಯಿತು.

ಮುಂದಿನ ಮುಕ್ಕಾಲು ಗಂಟೆ ಮೂವರೂ ಆ ಪೆಟ್ಟಿಗೆಯೊಳಗೇ. ಎಡಚ ಪಿಸ್ತೂಲು ತೆಗೆದ. "ತಗ್ಗಿಸೋ ಮುಠ್ಠಾಳ, ಕಬ್ಬಿಣದ ಡಬ್ಬಿ ಇದು, ಗುಂಡು ನಮ್ಮ ಮೇಲೇ ತಿರುಗುತ್ತೆ" ಎಂದು ಮೇಷ್ಟ್ರು ಮೊದಲ ಬಾರಿಗೆ ಏಕವಚನದಲ್ಲಿ ಕಿರುಚಿದ. ಎಡಚ ಪಿಸ್ತೂಲು ಬಿಟ್ಟು ಅವಳ ಬಲಗೈ ಹಿಡಿದ. ಇನ್ನೊಂದು ಹಿಡಿ ಎಲ್ಲಿದೆ ಎಂದು ಕೇಳಿ ಒಂದು ಬೆರಳು ಮುರಿದ. ಇಲ್ಲ ಎಂದದ್ದಕ್ಕೆ ಇನ್ನೊಂದು. ಲಿಫ್ಟಕ್ಕ ಕೂಗಿದಳು, ಬೈದಳು, ಅವನ ಮೂರು ತಲೆಮಾರನ್ನು ನೆನೆದಳು. ನೋವಿನ ನಡುವೆಯೂ ಅವಳಿಗೆ ಖುಷಿ ಉಕ್ಕುತ್ತಿತ್ತು. ತಂಗಿಯ ಕಾಲಿಗೆ ಮೆಟ್ಟಿಲು ಸಿಕ್ಕಿತ್ತಲ್ಲ, ಸಾಕು. ಐದೇ ಮಹಡಿ, ಆಮೇಲೆ ಬೀದಿ, ಆಮೇಲೆ ಬಸ್ಸು. ಇಷ್ಟು ಹೊತ್ತಿಗೆ ಊರೇ ದಾಟಿರಬೇಕು ಎಂದುಕೊಂಡಳು.

ಅಷ್ಟರಲ್ಲಿ ಹೊರಗೆ ಗದ್ದಲ ಶುರುವಾಯಿತು. ಯಾರೋ ಬಾಗಿಲುಗಳನ್ನು ದಬದಬ ಬಡಿಯುತ್ತಿದ್ದರು. ಐದರಲ್ಲಿ, ಆರರಲ್ಲಿ, ಏಳರಲ್ಲಿ. ಬಾಗಿಲುಗಳು ತೆರೆದವು, ಚಪ್ಪಲಿಗಳು ಓಡಿ ಬಂದವು. ಮೇಲಿನ ಜಾಲರಿಗೆ ಬಾಯಿಟ್ಟು ವಕೀಲರು, "ಲಿಫ್ಟಕ್ಕಾ, ಇದೀಯೇನಮ್ಮಾ?" ಎಂದು ಕೂಗಿದರು. ಕೆಳಗಿನಿಂದ ಮೂರನೆಯ ಮಹಡಿಯ ಹೆಂಗಸು, "ಅವಳನ್ನ ಮುಟ್ಟಿದ್ರೆ ಸುಮ್ನೆ ಬಿಡಲ್ಲ ಕಣ್ರೋ!" ಎಂದು ಅಬ್ಬರಿಸಿದಳು. ಎರಡು ವರ್ಷ ಬಾಯಿ ಹೊಲಿದುಕೊಂಡಿದ್ದ ಕಟ್ಟಡ ಒಟ್ಟಿಗೆ ಬಾಯಿ ಬಿಟ್ಟಿತ್ತು. ಎಡಚನ ಕೈ ಸಡಿಲವಾಯಿತು. ಮೇಷ್ಟ್ರು ಇಸ್ತ್ರಿಯ ಅಂಗಿಯಲ್ಲೇ ನೆಲದ ಮೇಲೆ ಕೂತು, ಚೀಲಗಳನ್ನು ನೋಡತೊಡಗಿದ.

ನಾಲ್ಕಕ್ಕೆ ಸರಿಯಾಗಿ ಬೂಟುಗಳು ಮೆಟ್ಟಿಲು ಹತ್ತಿ ಬಂದವು. ಸ್ಟೇಷನ್ನಿನಲ್ಲಿ ಮೇಷ್ಟ್ರ ಕಡೆಯವನೊಬ್ಬ ಇದ್ದರೇನು, ನಲವತ್ತು ಜೊತೆ ಕಣ್ಣುಗಳ ಎದುರು ಏನೂ ನಡೆಯುವಂತಿರಲಿಲ್ಲ. ಮೇಲಿನ ಯಂತ್ರದ ಕೋಣೆಯಲ್ಲಿ ಚಕ್ರವನ್ನು ಕೈಯಿಂದ ತಿರುಗಿಸಿ, ಲಿಫ್ಟನ್ನು ಇಂಚಿಂಚಾಗಿ ಆರನೆಯ ಮಹಡಿಗೆ ಎಳೆದರು. ಮಾಲಿನ ಸಮೇತ ಇಬ್ಬರನ್ನೂ ಹೊರಗೆ ಎಳೆದುಕೊಂಡರು.

ಊದಿದ ಕೈಯನ್ನು ಎದೆಗೆ ಒತ್ತಿಕೊಂಡು ಲಿಫ್ಟಕ್ಕ ಹೊರಗೆ ಬಂದಳು. ಗುಂಪು ದಾರಿ ಬಿಟ್ಟಿತು. ಗೋಡೆಗೆ ಒರಗಿ ತಂಗಿ ನಿಂತಿದ್ದಳು. ಬಾಗಿಲು ಬಡಿದು ಬಡಿದು ಅಂಗೈ ಕೆಂಪಾಗಿತ್ತು. ಎರಡೂ ಮುಂಗೈಗೆ ಬೇಡಿ ಬಿದ್ದಿತ್ತು. ಪೊಲೀಸರು ಕೇಳುವ ಮೊದಲೇ, ತಕ್ಕಡಿ ಹಿಡಿದವಳು ತಾನೇ ಎಂದು ಅವಳು ಒಪ್ಪಿಕೊಂಡಿದ್ದಳು.

ಲಿಫ್ಟಕ್ಕನಿಗೆ ಸಿಟ್ಟು, ಅಳು ಎಲ್ಲ ಒಟ್ಟಿಗೆ ಬಂತು.

"ಓಡು ಅಂದ್ನಲ್ಲೇ! ಮೆಟ್ಟಿಲು ಕಾಣಿಸ್ಲಿಲ್ವೇನೇ ನಿಂಗೆ? ಇಷ್ಟೊತ್ತಿಗೆ ಎಲ್ಲಿಗಾದ್ರೂ ಹೋಗಿರಬಹುದಿತ್ತು!"

ತಂಗಿ ಒಡೆದ ತುಟಿಯಲ್ಲೇ ನಗಲು ನೋಡಿದಳು.

"ನೀನು ಒಳಗಿದ್ಯಲ್ಲ ಅಕ್ಕ" ಎಂದಳು.