ಒಳಗೆ ಕೂತು ಸಿಡಿ ಹಿಡಿದವರು ಯಾರು?

ಗೆಳೆಯರೇ, ನಗು ಇನ್ನೂ ನಿಂತಿಲ್ಲ, ಹಾಗೇ ಬರೆಯುತ್ತಿದ್ದೇನೆ. ಹೊಸದುರ್ಗದ ನನ್ನ ಕಂಪ್ಯೂಟರ್ ಅಂಗಡಿಗೆ ಇವತ್ತು ಮಧ್ಯಾಹ್ನ ಮತ್ತೋಡಿನ ಗಂಗಮ್ಮ ಮೂವರು ಗೆಳತಿಯರೊಂದಿಗೆ ಬಂದರು. ಮದುವೆಯೊಂದರಲ್ಲಿ ತಾವು ಹಾಡಿದ ಸೋಬಾನೆ ಪದಗಳ ಎಂಪಿತ್ರೀ ಸಿಡಿ ತಂದಿದ್ದರು. ಇದ್ದದ್ದು ಅದೊಂದೇ. ನನ್ನ ಲಿನಕ್ಸ್ ಕಂಪ್ಯೂಟರಿಗೆ ಹಾಕಿ ಕೇಳಿಸಿದೆ. ತಮ್ಮದೇ ದನಿ ಕೇಳಿ ನಾಲ್ವರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಅವರ ಊರಿನ ಬಸ್ಸಿಗೆ ಹತ್ತೇ ನಿಮಿಷ ಉಳಿದಿತ್ತು. ಗುಂಡಿ ಒತ್ತಿದರೆ ಸಿಡಿ ಹೊರಗೆ ಬರಲಿಲ್ಲ. ಲಿನಕ್ಸಿನಲ್ಲಿ ಮೊದಲು ಸಿಡಿಯನ್ನು ‘ಅನ್‌ಮೌಂಟ್’ ಮಾಡಿ ಬಿಡಿಸಿಕೊಳ್ಳಬೇಕು. ಆ ಕಮಾಂಡ್ ಕೊಟ್ಟರೆ ‘ಡಿವೈಸ್ ಈಸ್ ಬ್ಯುಸಿ’ ಎಂದು ಬಂತು.

“ಏನಂತೈತಪ್ಪ ಅದು?” ಎಂದರು ಗಂಗಮ್ಮ.

“ಬಿಜಿ ಐತಂತೆ ಕಣಮ್ಮ. ಯಾರೋ ಸಿಡಿ ಬಳಸ್ತಾ ಅವ್ರಂತೆ.”

“ನಾವು ನಾಕು ಜನನೂ ಇಲ್ಲೇ ನಿಂತೀವಿ. ಇನ್ಯಾರು ಒಳಗೆ ಕುಂತಿರೋರು? ಎಬ್ಬಿಸಪ್ಪ ಅವರ್ನ!”

ಹಿಡಿದಿರುವವರು ಯಾರೆಂದು ಇನ್ನೊಂದು ಕಮಾಂಡ್ ಕೊಟ್ಟು ನೋಡಿದೆ. ಪರದೆಯ ಮೇಲೆ ಬಂದದ್ದು ನನ್ನ ಹೆಸರು! ಹಾಡು ಹುಡುಕಲು ಸಿಡಿಯ ಫೋಲ್ಡರಿನೊಳಗೆ ಹೋಗಿದ್ದ ವಿಂಡೋವನ್ನು ಮುಚ್ಚಲು ಮರೆತಿದ್ದೆ. ಅದನ್ನು ಮುಚ್ಚಿ ಮತ್ತೆ ಅನ್‌ಮೌಂಟ್ ಮಾಡಿದೆ. ಸಿಡಿ ಸಲೀಸಾಗಿ ಹೊರಬಂತು.

“ಯಾರಂತಪ್ಪ?”

“ನಾನೇ ಕಣಮ್ಮ.”

ಗೊಳ್ಳೆಂದು ನಗುತ್ತಲೇ ಐದೂ ಜನ ಬಸ್ ಸ್ಟ್ಯಾಂಡಿಗೆ ಓಡಿದೆವು. ಹೊರಟ ಬಸ್ಸಿನ ಕಿಟಕಿಯಿಂದ ಗಂಗಮ್ಮ ಕೂಗಿದರು: “ನಿನ್ನ ಮ್ಯಾಲೂ ಒಂದು ಪದ ಕಟ್ತೀವಿ, ತಡಿ!”

ಇನ್ನು ಮತ್ತೋಡಿನ ಕಡೆಯ ಯಾವ ಮದುವೆಗೂ ನಾನು ಹೋಗುವ ಹಾಗಿಲ್ಲ.