ಅಕ್ಕ ಲಂಡನ್ ತಲುಪುವ ತನಕ

ತುರುವೇಕೆರೆಯಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವ ದಿನ ನಮ್ಮ ಮನೆ ಕೊಟ್ಟಿಗೆಗಿಂತ ಕಡೆಯಾಗಿತ್ತು. ಹಿಂದಿನ ದಿನ ಅಪ್ಪ ಕೊಬ್ಬರಿ ಸುಲಿಸಿದ್ದರು. ಮಂಡಿಯ ಲಾರಿ ಯಾರಿಗೂ ಕಾಯುವುದಿಲ್ಲವಲ್ಲ. ನಡುಮನೆ ತುಂಬ ನಾರು, ಚಿಪ್ಪಿನ ಚೂರು, ದೂಳು. ಪೊರಕೆ ಮುಟ್ಟಲು ಮಾತ್ರ ಅಮ್ಮ ಬಿಡಲಿಲ್ಲ. ನಮ್ಮಕ್ಕ ನರ್ಸ್ ಕೆಲಸಕ್ಕೆಂದು ಲಂಡನ್ನಿಗೆ ಹೊರಟಿದ್ದಳು. ಊರಿಗೆ ಹೊರಟವರು ತಲುಪುವವರೆಗೆ ನಮ್ಮ ಮನೆಯಲ್ಲಿ ಕಸ ಗುಡಿಸುವಂತಿಲ್ಲ.

"ತಲುಪಿರ್ತಾಳೆ ಕಣಮ್ಮ," ಅಂದೆ. ನಾನು ಭೂಗೋಳ ತಗೊಂಡು ಬಿ.ಎ. ಮಾಡಿದವಳು. ನಕ್ಷೆ ಓದುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅಟ್ಲಾಸ್ ಬಿಚ್ಚಿ, ಅಕ್ಕ ವಿಮಾನ ಬದಲಿಸುವ ಫ್ರಾಂಕ್‌ಫರ್ಟಿನಿಂದ ಲಂಡನ್ನಿನವರೆಗೆ ಹೂ ಕಟ್ಟುವ ದಾರ ಹಿಡಿದು ಅಳೆದೆ. "ಆರುನೂರೈವತ್ತು ಕಿಲೋಮೀಟರು. ವಿಮಾನಕ್ಕೆ ಒಂದೂವರೆ ಗಂಟೆ. ನಮ್ಮ ತಿಪಟೂರಿಂದ ಹುಳಿಯಾರಿಗೆ ಬಸ್ಸಲ್ಲಿ ಹೋದಷ್ಟು ಹೊತ್ತು, ಅಷ್ಟೇ."

"ಹುಳಿಯಾರಿಗೇ ನೆಟ್ಟಗೆ ಹೋದೋಳಲ್ಲ ಅವಳು! ಕಿಬ್ಬನಹಳ್ಳಿ ಕ್ರಾಸಲ್ಲಿ ಬಸ್ಸು ಬದಲಾಯ್ಸೋಕೆ ಇಳಿದು, ಬೋಂಡ ತಿಂತಾ ನಿಂತು, ಬಸ್ಸು ತಪ್ಪಿಸ್ಕೊಂಡೋಳು. ಅಲ್ಲಾದ್ರೆ ಸಂಜೆಗೆ ಇನ್ನೊಂದು ಬಸ್ಸಿತ್ತು. ಆ ದೇಶದಲ್ಲಿ ಯಾರು ಕರೆದು ಹತ್ತುಸ್ತಾರೆ?"

ಮೈಯೆಲ್ಲ ಉರಿದುಹೋಯಿತು. "ಅವಳು ಬೋಂಡ ತಿಂದ್ರೆ ನನ್ನ ಮದುವೆ ಯಾಕಮ್ಮ ಕೆಡಬೇಕು?" ಅಂದೆ. ಮುಚ್ಚುಮರೆ ಯಾಕೆ, ನನಗೆ ಆ ಗಂಡು ಬೇಕಿತ್ತು. ಫೋಟೋ ನೋಡಿಯೇ ಒಪ್ಪಿಬಿಟ್ಟಿದ್ದೆ. ಅಮ್ಮ ಪೊರಕೆಯನ್ನು ತೆಗೆದು ಅಟ್ಟದ ಮೇಲೆ ಎಸೆದಳು. ತಲುಪಿದೆ ಅಂತ ಅಕ್ಕನ ತಂತಿ ಬಂದಮೇಲೇ ಅದು ಕೆಳಗಿಳಿಯುವುದಂತೆ.

ಅವರು ಬಂದರು. ಗಂಡಿನ ತಾಯಿ ಹೊಸ್ತಿಲಲ್ಲೇ ನಿಂತು ನಡುಮನೆಯನ್ನೊಮ್ಮೆ ನೋಡಿದರು. ಅಮ್ಮನಿಗೆ ಮಾತ್ರ ಯಾವ ಸಂಕೋಚವೂ ಇಲ್ಲ. "ದೊಡ್ಡ ಮಗಳು ದಾರೀಲವಳೆ ಕಣ್ರೀ. ಇನ್ನೂ ಸುದ್ದಿ ಇಲ್ಲ," ಅಂದಳು.

ಆಕೆ ಸೀರೆಯ ನೆರಿಗೆ ಎತ್ತಿ ಹಿಡಿದು ಒಳಗೆ ಬಂದು, ಚಾಪೆಯ ಮೇಲಿನ ನಾರನ್ನು ಕೈಯಲ್ಲಿ ಅತ್ತ ಸರಿಸಿ ಕೂತರು. "ಹಂಗಾದ್ರೆ ಗುಡಿಸ್ಬೇಡಿ ಬುಡಿ," ಅಂದರು. ಕಾಫಿ ತರುವ ಮೊದಲೇ ಇವರ ಮನೆಗೆ ನಾನು ಸೇರುತ್ತೇನೆ ಅಂತ ನನಗೆ ಗೊತ್ತಾಯಿತು.

ಮಾರನೇ ದಿನ ತಂತಿ ಬಂತು. ಅಕ್ಕ ನಾನು ಹೇಳಿದ ಹೊತ್ತಿಗೇ ತಲುಪಿದ್ದಳು ಅಂತ ಆಮೇಲೆ ತಿಳಿಯಿತು. ಅಮ್ಮನಿಗೆ ಅದನ್ನು ಎಷ್ಟು ಸಲ ಹೇಳಿದೆನೋ!

ಮದುವೆಯಾದ ವರ್ಷ ಹಬ್ಬಕ್ಕೆ ತವರಿಗೆ ಹೋಗಿ, ಒಬ್ಬಳೇ ತುರುವೇಕೆರೆಗೆ ವಾಪಸಾದೆ. ಒಂದೇ ಬಸ್ಸು, ಬದಲಿಸುವ ತಾಪತ್ರಯವೂ ಇಲ್ಲ. ಇಷ್ಟೇ ದೂರಕ್ಕೆ ತಲುಪಿದೆ ಅಂತ ಯಾರಾದರೂ ಹೇಳಿ ಕಳಿಸುತ್ತಾರೆಯೇ? ನಾಲ್ಕೈದು ದಿನ ಕಳೆದಮೇಲೆ ಅಪ್ಪ ಬಂದು ಬಾಗಿಲಲ್ಲಿ ನಿಂತರು.

"ಏನಪ್ಪ, ಹೇಳದೆ ಕೇಳದೆ ಬಂದುಬಿಟ್ಟೆ?"

"ನಿಮ್ಮಮ್ಮ ಕಳಿಸಿದ್ಲು ಕಣವ್ವ, ನೀನು ತಲುಪಿದ್ಯಾ ಅಂತ ನೋಡ್ಕೊಂಡು ಬರೋಕೆ. ನಿನ್ನ ಮುಡಿಯಿಂದ ಉದುರಿದ ಕನಕಾಂಬರ ಬಾಗಿಲಲ್ಲಿ ಇನ್ನೂ ಹಂಗೇ ಬಿದ್ದೈತೆ."