ಕ್ಯಾಮೆರಾ ಒಪ್ಪಿದ ಹರಕೆ

ಮರಾಠಿ ಸೀಮೆಯ ಓಝರಿನ ವಿಮಾನ ಕಾರ್ಖಾನೆಯಲ್ಲಿ ಮನ್ಮಥಪ್ಪನವರ ಕೆಲಸವೆಂದರೆ ಬಿಡಿಭಾಗಗಳನ್ನು ಗೇಜ್ ಎಂಬ ಅಳತೆಯ ಉಪಕರಣ ಹಿಡಿದು ಅಳೆದು ನೋಡುವುದು. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಕೆಂಪು ಬಣ್ಣ ಬಳಿದು ಆಚೆಗಿಡುವುದು. "ಕಣ್ಣಿಗೆ ಸರೀನೇ ಕಾಣ್ತದಲ್ರಿ" ಎಂದು ಯಾರಾದರೂ ಗೋಗರೆದರೆ ಅವರದು ಒಂದೇ ಮಾತು: "ಕಣ್ಣು ಸುಳ್ಳಾಡ್ತದ, ಗೇಜ್ ಸುಳ್ಳಾಡಂಗಿಲ್ಲ." ಭಾಲ್ಕಿ ಕಡೆಯಿಂದ ಬಂದು ಟೌನ್‌ಶಿಪ್ಪಿನಲ್ಲಿ ಕೂದಲು ಹಣ್ಣಾಗಿಸಿಕೊಂಡ ಈ ಮನುಷ್ಯ ಆ ಮಾತನ್ನು ಮನೆಯಲ್ಲೂ ಬಿಟ್ಟವರಲ್ಲ. ಪಲ್ಯದ ಉಪ್ಪು ಅಳೆಯಲು ಗೇಜ್ ಇಲ್ಲವಲ್ಲ ಎಂಬುದೊಂದೇ ಅವರ ಕೊರಗು.

ಇಂಥವರ ಕೈಗೆ ೨೦೧೨ರಲ್ಲಿ ಜಿಪಿಎಸ್ ಕ್ಯಾಮೆರಾ ಸಿಕ್ಕಿತು. ಮೊದಲೇ ಮಂಗ, ಮೇಲೆ ಹೆಂಡ ಕುಡಿದಂತಾಯಿತು. ಫೋಟೋ ತೆಗೆದ ಜಾಗವನ್ನು ಕ್ಯಾಮೆರಾ ಉಪಗ್ರಹದ ನೆರವಿನಿಂದ ತಾನೇ ಗುರುತಿಟ್ಟುಕೊಳ್ಳುತ್ತದೆ. ಕಂಪ್ಯೂಟರಿಗೆ ಹಾಕಿದರೆ ನಕಾಶೆಯ ಮೇಲೆ ಆ ಜಾಗದಲ್ಲಿ ಕೆಂಪು ಚುಕ್ಕೆ ಬೀಳುತ್ತದೆ. ಪಕ್ಕದ ಮನೆಯ ಪ್ರಭಾಕರ, ಸೊಲ್ಲಾಪುರದ ಅತ್ತೆಗೆ ಹುಷಾರಿಲ್ಲ, ಆಕೆಯ ಒಂದು ಫೋಟೋ ಬೇಕೆಂದು ಕ್ಯಾಮೆರಾ ಕೇಳಿ ಒಯ್ದಿದ್ದ. ವಾಪಸು ತಂದಾಗ ನೋಡಿದರೆ ಚುಕ್ಕೆ ಬಿದ್ದದ್ದು ಶಿರಡಿ ದಾರಿಯ ವಾಟರ್ ಪಾರ್ಕಿನ ಮೇಲೆ! ಅತ್ತೆ ಹಾಸಿಗೆಯಲ್ಲಿ ಮಲಗಿದ ಫೋಟೋ ಎದುರಿಗೇ ಇತ್ತು. "ಹಾಸಿಗಿ ಎಲ್ಲಿ ಬೇಕಾದ್ರೂ ಸಿಗ್ತದ, ಉಪಗ್ರಹ ಸುಳ್ಳಾಡಂಗಿಲ್ಲ" ಎಂದು ಮನ್ಮಥಪ್ಪ ಕಾಲೊನಿಗೆಲ್ಲ ಸಾರಿದರು. ಪ್ರಭಾಕರ ಅಂದಿನಿಂದ ಮುಖ ತಿರುಗಿಸಿಕೊಂಡು ಓಡಾಡತೊಡಗಿದ.

ಆ ವರ್ಷ ಮನ್ಮಥಪ್ಪನವರಿಗೆ ಕಾಮಾಲೆಯಾಗಿ ಜೀವ ಬಾಯಿಗೆ ಬಂದಿತ್ತು. ಸಂಜೆ ಸಂಜೆ ಪರ್ಮಿಟ್ ರೂಮಿಗೆ, ಎಂದರೆ ಅಲ್ಲಿಯ ಬಾರಿಗೆ, ಹೋಗಿ ಎರಡು ಗ್ಲಾಸು ಏರಿಸುತ್ತಿದ್ದುದರ ಫಲ. ಹೆಂಡತಿ ಕಸ್ತೂರಿಬಾಯಿ ಅತ್ತು ಕರೆದು ವೇರೂಳಿನ ಘೃಷ್ಣೇಶ್ವರನಿಗೆ ಹರಕೆ ಹೊತ್ತಳು: ಇವರು ಗುಣವಾದರೆ ಕುಡಿತ ಬಿಟ್ಟು ದೌಲತಾಬಾದಿನಿಂದ ನಿನ್ನ ಗುಡಿಯವರೆಗೆ ಬರಿಗಾಲಲ್ಲಿ ನಡೆದು ಬರುತ್ತಾರೆ. ಮನ್ಮಥಪ್ಪ ಗುಣವಾದರು. ನೋಡಿರಿ, ಹರಕೆ ಆಕೆಯದು, ಕಾಲು ಇವರದು! ಆಕೆಗೆ ಮೊಣಕಾಲು ನೋವು, ಜೊತೆಗೆ ಹೋಗುವಂತಿಲ್ಲ. "ದಾರಿ ತುಂಬ ಫೋಟೋ ತಗೊಂಡು ಬರ್ರಿ. ನಿಮ್ಮ ಬಾಯಿಮಾತು ನಾ ನಂಬಂಗಿಲ್ಲ, ಕ್ಯಾಮೆರಾ ನಂಬ್ತೀನಿ" ಎಂದಳು. ಕುಡಿದು ಬಂದು "ಕುಡಿದಿಲ್ಲ" ಎಂದು ಎಷ್ಟು ಸಲ ಆಣೆ ಇಟ್ಟಿದ್ದರೋ, ಪಾಪ, ಆಕೆಯಾದರೂ ಏನು ಮಾಡಿಯಾಳು. ಆದರೆ ಈ ಸಲ ಆಕೆಯ ಎದುರು ತಲೆಯೆತ್ತಿ ನಿಲ್ಲಬೇಕೆಂದು ಮನ್ಮಥಪ್ಪನವರಿಗೆ ನಿಜವಾಗಿಯೂ ಅನಿಸಿತ್ತು.

ಔರಂಗಾಬಾದಿನಲ್ಲಿ ಹತ್ತಿದ ಜೀಪು ದೌಲತಾಬಾದಿನಲ್ಲಿ ಅವರನ್ನು ಇಳಿಸಿದ್ದು ಒಂದು ಪರ್ಮಿಟ್ ರೂಮಿನ ಎದುರಿಗೇ. ಒಳಗೆ ಕಾಲಿಡಲಿಲ್ಲ, ಹೊರಗಿನ ಕಲ್ಲಿನ ಮೇಲೆ ಕೂತು ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿದರು, ಕ್ಯಾಮೆರಾಕ್ಕೆ ಉಪಗ್ರಹ ಸಿಗುವವರೆಗೆ ಕಾದರು. ಆಮೇಲೆ ನಡೆದರು. ಘಾಟಿನ ಡಾಂಬರು ಹೆಂಚಿನಂತೆ ಕಾದಿತ್ತು. ಫೋಟೋ ತೆಗೆಯಲು ಜೊತೆಗೆ ಯಾರೂ ಇಲ್ಲದ್ದರಿಂದ ಅಲ್ಲಲ್ಲಿ ನಿಂತು ತಮ್ಮ ಬರಿಗಾಲಿನ ಫೋಟೋವನ್ನೇ ತೆಗೆದರು. ಬ್ಯಾಟರಿ ಉಳಿಯಲೆಂದು ಪ್ರತಿ ಸಲ ಫೋಟೋ ಆದ ಕೂಡಲೇ ಕ್ಯಾಮೆರಾ ಆಫ್ ಮಾಡಿದರು. ಖುಲ್ತಾಬಾದ್ ದಾಟುವಾಗ ಅಂಗಾಲಲ್ಲಿ ಬೊಬ್ಬೆ ಎದ್ದವು, ವೇರೂಳಿಗೆ ಮುಟ್ಟುವಾಗ ಒಡೆದವು. ಗುಡಿಯೊಳಗೆ ಕ್ಯಾಮೆರಾ ಬಿಡುವುದಿಲ್ಲ. ಶಿವನ ಮುಂದೆ ನಿಂತಾಗ ಮಾತ್ರ ಕಣ್ಣು ತುಂಬಿ ಬಂತು.

ಮರುದಿನ ಮಗಳು ಪ್ರಿಯಾ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಬಾಯಿಗೆ ಮರಾಠಿಯೇ ಮೊದಲು ಬರುತ್ತದೆ. "ಪಪ್ಪಾ, ಹೇ ಕಾಯ್? ಏನಿದು? ಎಲ್ಲಾ ಫೋಟೋ ಒಂದೇ ಜಾಗಾದಾಗ ಅವ!"

ಚುಕ್ಕೆಗಳೆಲ್ಲ ಪರ್ಮಿಟ್ ರೂಮಿನ ಮೇಲೆ ಗುಡ್ಡೆ ಬಿದ್ದಿದ್ದವು.

"ಏ, ನಾ ನಡದೀನಿ! ನೋಡು, ರಸ್ತಾ ಕಾಣ್ತದಲ್ಲ!"

"ರಸ್ತಾ ಎಲ್ಲಿ ಬೇಕಾದ್ರೂ ಸಿಗ್ತದ್ರಿ" ಎಂದಳು ಕಸ್ತೂರಿಬಾಯಿ. ಮನ್ಮಥಪ್ಪ ಕಾಲೆತ್ತಿ ಅಂಗಾಲು ತೋರಿಸಿದರು. ಆಕೆ ಕಣ್ಣೊರೆಸಿಕೊಂಡಳು. "ದೇವರ ಹೆಸರಲೆ ಸುಳ್ಳು ಹೇಳಿದ್ರಿ. ಅದಕ್ಕ ಅಂವ ಕೊಟ್ಟ ಶಿಕ್ಷಾ ಇದು."

ಮನ್ಮಥಪ್ಪ ಕ್ಯಾಮೆರಾದ ಪುಸ್ತಕ ತೆಗೆದು ಕೂತರು. ಅದರಲ್ಲಿ ಸ್ಪಷ್ಟವಾಗಿಯೇ ಇತ್ತು: ಹಚ್ಚಿದ ಕೂಡಲೇ ಫೋಟೋ ತೆಗೆದರೆ ಹೊಸ ಜಾಗ ಗೊತ್ತಾಗುವುದಿಲ್ಲ, ಕೊನೆಯ ಸಲ ಗೊತ್ತಾದ ಜಾಗವನ್ನೇ ಕ್ಯಾಮೆರಾ ಗುರುತಿಡುತ್ತದೆ. ಓಡಿ ಹೋಗಿ ಹೆಂಡತಿಗೆ ಓದಿ ಹೇಳಿದರು. ಆಕೆ ಕೇಳಿ ಅಂದಳು, "ಹಂಗಾದ್ರ ಪ್ರಭಾಕರ ಅಣ್ಣಾವ್ರದೂ ಖರೇನೇ ಇತ್ತಲ್ರಿ. ದಾರ್ಯಾಗ ಆ ಪಾರ್ಕಿನ ಮುಂದ ಬಸ್ ನಿಂತಾಗ ಕ್ಯಾಮೆರಾ ಹಚ್ಚಿ ನೋಡಿರಬೇಕು. ಹೋಗಿ ಅವರ ಮುಂದ ತಪ್ಪಾಯ್ತು ಅಂತ ಹೇಳಿ ಬರ್ರಿ. ಆಮ್ಯಾಲ ನಿಮ್ಮದೂ ನಂಬ್ತೀನಿ."

ಮನ್ಮಥಪ್ಪ ಬಾಗಿಲವರೆಗೆ ಹೋದರು. ಪ್ರಭಾಕರ ಅಂಗಳದಲ್ಲಿ ಸ್ಕೂಟರ್ ಒರೆಸುತ್ತಿದ್ದ. ಹತ್ತು ಹೆಜ್ಜೆ ದಾರಿ, ಅದೂ ಚಪ್ಪಲಿ ಹಾಕಿಕೊಂಡು! ಆದರೆ ಗೇಜ್ ತಪ್ಪಿತ್ತು ಎಂದು ಇಡೀ ಕಾಲೊನಿಯ ಎದುರು ಒಪ್ಪಿಕೊಳ್ಳುವುದೆಂದರೆ? ತಿರುಗಿ ಬಂದು ಹೇಳಿದರು: "ಆಯ್ತು ಬಿಡು. ಮತ್ತೊಮ್ಮೆ ನಡದು ಬರ್ತೀನಿ."

ಬೊಬ್ಬೆ ಮಾಯಲು ಸಾಕಷ್ಟು ದಿನ ಹಿಡಿಯಿತು. ಮತ್ತೆ ದೌಲತಾಬಾದಿಗೆ ಹೋಗಿ ಚಪ್ಪಲಿ ಬಿಚ್ಚಿ ಡಾಂಬರಿನ ಮೇಲೆ ಕಾಲಿಟ್ಟರೋ ಇಲ್ಲವೋ, ಜೀವ ಝಲ್ಲೆಂದಿತು. ದೇವರ ಪಾಲಿನದು ಆಗಲೇ ಮುಗಿದಿದೆ, ಇದು ಕ್ಯಾಮೆರಾದ ಪಾಲಿನದು ಎಂದು ತಮಗೆ ತಾವೇ ಹೇಳಿಕೊಂಡು ರಿಕ್ಷಾ ಹಿಡಿದರು. ಅಲ್ಲಲ್ಲಿ ನಿಲ್ಲಿಸಿ, ಉಪಗ್ರಹ ಸಿಗುವವರೆಗೆ ಬೀಡಿ ಸೇದುತ್ತಾ ಕೂತಿರೆಂದು ರಿಕ್ಷಾದವನಿಗೆ ಹೇಳಿ, ಕಾಲು ಕೆಳಗಿಟ್ಟು ಫೋಟೋ ತೆಗೆದರು.

ಚುಕ್ಕೆಗಳು ದೌಲತಾಬಾದಿನಿಂದ ವೇರೂಳಿನವರೆಗೆ ಮುತ್ತಿನ ಸರದಂತೆ ಸಾಲಾಗಿ ಬಿದ್ದವು. ಪ್ರಿಯಾ ಚಪ್ಪಾಳೆ ತಟ್ಟಿದಳು. ಕಸ್ತೂರಿಬಾಯಿ ಒಳಗೆ ಹೋಗಿ ಎಣ್ಣೆ ಬಿಸಿ ಮಾಡಿ ತಂದಳು. ನೋವಿನ ಮೊಣಕಾಲನ್ನು ಕಷ್ಟಪಟ್ಟು ಮಡಚಿ ನೆಲಕ್ಕೆ ಕೂತು, ಗಂಡನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಅಂಗಾಲು ಸವರಿ ನೋಡಿದಳು. ಆಕೆಯ ಮುಖ ಅರಳಿತು.

"ನೋಡ್ರಿ, ಈ ಸಲ ಖರೇನೇ ನಡದ್ರಿ, ದೇವರು ಒಂದ್ ಬೊಬ್ಬಿ ಸುದ್ದಾ ಏಳಗೊಟ್ಟಿಲ್ಲ."

ಮನ್ಮಥಪ್ಪ ಕಾಲು ಹಿಂದಕ್ಕೆಳೆದುಕೊಳ್ಳಲು ನೋಡಿದರು. ಆಕೆ ಬಿಡಲಿಲ್ಲ.